ನಿಂತ ಗಾಡಿಯ ಕರೆಂಟು

ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೋಗುವುದು ನಮ್ಮವರಿಗೆ ಹೊಸದೇನಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೊರಟ ಮನೆತನಗಳು ಹಿಟ್ಟು, ಅಕ್ಕಿ, ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವನ್ನೂ ಅದರಲ್ಲೇ ತುಂಬಿಕೊಂಡು ಹೋಗಿ, ಬಯಲಲ್ಲಿ ಬಂಡಿ ಬಿಟ್ಟು, ಮೂರು ಕಲ್ಲು ಹೂಡಿ ಬಿಡಾರ ಮಾಡುತ್ತಿದ್ದವು. ಆ ಸಂಸಾರಕ್ಕೆ ಬೇಕಾದ ಬೆಳಕೆಂದರೆ ಬಂಡಿಯ ಕೆಳಗೆ ತೂಗುವ ಒಂದು ಕಂದೀಲು. ಒಂದಿಷ್ಟು ಚಿಮಣಿ ಎಣ್ಣೆಯಲ್ಲಿ ರಾತ್ರಿ ಕಳೆದುಹೋಗುತ್ತಿತ್ತು.

ಅದೇ ಬಂಡಿ ಈಗ ಕ್ಯಾಂಪರ್ ವ್ಯಾನ್, ಕ್ಯಾರವಾನ್ ಎಂಬ ಹೆಸರು ಹೊತ್ತು ಬಂದಿದೆ. ನಾನು ಈ ಲೇಖನದಲ್ಲಿ ಅದನ್ನು ಬಿಡಾರದ ವ್ಯಾನು ಎಂದೇ ಕರೆಯುತ್ತೇನೆ. 2021ರಲ್ಲಿ ಕೇರಳ ಸರ್ಕಾರ 'ಕೇರವಾನ್' ಎಂದು ಹೆಸರಿಟ್ಟು ಇಂಥ ಪ್ರವಾಸಕ್ಕೆ ಉತ್ತೇಜನ ಕೊಟ್ಟಿತು. ಅದೇ ವರ್ಷ ಮಹಾರಾಷ್ಟ್ರವೂ ಒಂದು ಕ್ಯಾರವಾನ್ ನೀತಿ ಮಾಡಿತು. ಮಲಗಲು ಮಂಚ, ಅಡಿಗೆ ಕಟ್ಟೆ, ಫ್ರಿಜ್ಜು, ಫ್ಯಾನು, ಕೆಲವದರಲ್ಲಿ ಎ.ಸಿ. ಕೂಡ. ಎಲ್ಲಾ ಸರಿ. ಆದರೆ ಗಾಡಿ ಬಯಲಲ್ಲಿ ನಿಂತ ಮೇಲೆ ಇವಕ್ಕೆಲ್ಲ ಕರೆಂಟು ಎಲ್ಲಿಂದ ಬರಬೇಕು? ಪ್ಲಗ್-ಇನ್ ಹೈಬ್ರಿಡ್ ಎಂಬ ಜಾತಿಯ ವಾಹನ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ. ಆ ಉತ್ತರ ಏನು, ನಮ್ಮ ಜೇಬಿಗೆ ಅದು ಹೊಂದುತ್ತದೋ ಇಲ್ಲವೋ ಎಂಬುದನ್ನು ವಿವರಿಸುವುದೇ ಇಲ್ಲಿಯ ಉದ್ದೇಶ.

"ಕಾಮರ್ಸಿನವಗ ಬ್ಯಾಟರಿ ಉಸಾಬರಿ ಯಾಕೋ?" ಅಂತ ಗೆಳೆಯರು ಕೇಳಿಯೇ ಕೇಳುತ್ತಾರೆ. ಬ್ಯಾಟರಿ ಅಂದರೆ ಮತ್ತೇನು? ಜಮಾ ಇದೆ, ಖರ್ಚು ಇದೆ, ಸವಕಳಿ ಇದೆ. ಕಿರ್ದಿ-ಖಾತೆ ಬಲ್ಲವನಿಗೆ ಇದು ಪರರಾಜ್ಯವಲ್ಲ.

ಲೆಕ್ಕಕ್ಕೆ ಮೊದಲು ಒಂದು ಸಾವಿನ ಸಂಗತಿ ಹೇಳಬೇಕು. ಡಿಸೆಂಬರ್ 2024ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಕರದಲ್ಲಿ, ರಸ್ತೆಬದಿ ನಿಂತಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಬಡಿದಾಟವಿಲ್ಲ, ಗಾಯವಿಲ್ಲ. ಎ.ಸಿ. ನಡೆಸಲು ಗಾಡಿಯಲ್ಲೇ ಇದ್ದ ಜನರೇಟರು ಹಚ್ಚಿ ವಿಶ್ರಾಂತಿಗೆ ಒರಗಿದ್ದರು. ಜನರೇಟರಿನ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಗಾಡಿಯೊಳಗೆ ಸೇರಿತ್ತು. ಕೋಳಿಕ್ಕೋಡಿನ ಎನ್.ಐ.ಟಿ. ತಜ್ಞರು ಅದೇ ಗಾಡಿಯಲ್ಲಿ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದ್ದೂ ತಿಳಿಯುವುದಿಲ್ಲ. ನಿದ್ದೆಯೇ ಮುಂದುವರಿಯುತ್ತದೆ, ಅಷ್ಟೆ.

ಅಲ್ಲಿ ಆದದ್ದಿಷ್ಟು: ಎಣ್ಣೆ ಉರಿಯುವ ಹೊತ್ತೂ ಮನುಷ್ಯ ಮಲಗುವ ಹೊತ್ತೂ ಒಂದೇ ಆಯಿತು, ಉರಿಯುವ ಜಾಗವೂ ಮಲಗುವ ಜಾಗವೂ ಒಂದೇ ಆಯಿತು. ಈ ಎರಡು ಹೊತ್ತುಗಳನ್ನು ಬೇರೆ ಮಾಡಲು ಬಂದರೆ ಜೀವವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಪ್ಲಗ್-ಇನ್ ಹೈಬ್ರಿಡ್ಡಿನ ನಿಜವಾದ ಗುಣ ಇದೇ ಎಂಬುದು ನನ್ನ ವಾದ. ಹೇಗೆ ಅಂತ ನೋಡೋಣ.

ಮೊದಲು ಎರಡು ಶಬ್ದ. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ 'ಸಾಮರ್ಥ್ಯ' ಮತ್ತು 'ಶಕ್ತಿ' ಎಂದು ಎರಡು ಪದ ಓದಿದ್ದೇವೆ. ವಾಟ್ ಎನ್ನುವುದು ಸಾಮರ್ಥ್ಯದ ಅಳತೆ, ಯೂನಿಟ್ ಎನ್ನುವುದು ಶಕ್ತಿಯ ಅಳತೆ. ಬಚ್ಚಲ ಮನೆಯ ನಲ್ಲಿ ಮತ್ತು ಹಂಡೆಯನ್ನು ನೆನೆಸಿಕೊಳ್ಳಿ. ನಲ್ಲಿ ಎಷ್ಟು ಜೋರಾಗಿ ಬಿಡುತ್ತದೆ ಎಂಬುದು ವಾಟ್. ಹಂಡೆಯಲ್ಲಿ ಎಷ್ಟು ನೀರಿದೆ ಎಂಬುದು ಯೂನಿಟ್. 1000 ವಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚು. ಬಿಡಾರದ ವ್ಯಾನಿಗೆ ಎರಡೂ ಬೇಕು: ಒಲೆ ಹಚ್ಚಿದಾಗ ತಡೆಯುವಷ್ಟು ಜೋರಿನ ನಲ್ಲಿ, ರಾತ್ರಿಯಿಡೀ ಸಾಲುವಷ್ಟು ದೊಡ್ಡ ಹಂಡೆ.

ಇನ್ನು ಒಂದು ದಿನದ ಖರ್ಚು. ನಾಲ್ಕು ಮಂದಿಯ ಸಂಸಾರ ಎಂದಿಟ್ಟುಕೊಳ್ಳಿ. 7 ವಾಟಿನ ಮೂರು ಎಲ್.ಇ.ಡಿ. ದೀಪ ಐದು ಗಂಟೆ ಉರಿದರೆ 0.1 ಯೂನಿಟ್. 30 ವಾಟಿನ ಎರಡು ಫ್ಯಾನು ಎಂಟು ಗಂಟೆ ತಿರುಗಿದರೆ ಸುಮಾರು 0.5. ಸಣ್ಣ ಫ್ರಿಜ್ಜಿಗೆ ದಿನಕ್ಕೆ 0.6 ಹಿಡಿಯಿರಿ. ನಾಲ್ಕು ಮೊಬೈಲು, ಒಂದು ಲ್ಯಾಪ್‌ಟಾಪು ಸೇರಿ 0.1. 1400 ವಾಟಿನ ಇಂಡಕ್ಷನ್ ಒಲೆಯಲ್ಲಿ ಅನ್ನ, ಸಾರು, ಚಹಾ ಎಂದು ಅರ್ಧ ತಾಸು ಹೋದರೆ 0.7. ಒಟ್ಟು ಎರಡು ಯೂನಿಟ್. ಎ.ಸಿ. ಬೇಕೆಂದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಮುಕ್ಕಾಲು ಟನ್ನಿನ ಎ.ಸಿ. ಸರಾಸರಿ 500 ವಾಟ್ ಎಳೆದರೂ ಎಂಟು ಗಂಟೆಗೆ 4 ಯೂನಿಟ್. ಆಗ ಒಟ್ಟು ಆರು.

ಎರಡು ಯೂನಿಟ್ ಅಂದರೆ ಏನು ಮಹಾ! ಮನೆಯಲ್ಲಾದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಬಯಲಲ್ಲಿ ಅದನ್ನು ಹುಟ್ಟಿಸಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಲೆಕ್ಕ ಸುಲಭವಾಗಲೆಂದು ಪೆಟ್ರೋಲು ಲೀಟರಿಗೆ 100 ರೂಪಾಯಿ, ಗೋಡೆಯ ಪ್ಲಗ್ಗಿನ ಕರೆಂಟು ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿಯೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್. ಅದರಲ್ಲಿ ನಮ್ಮ ಕೈಗೆ ಬರುವುದೆಷ್ಟು?

ಸಾಮಾನ್ಯ ಕಾರಿನ ಎಂಜಿನ್ನನ್ನು ನಿಂತಲ್ಲೇ ಚಾಲೂ ಇಟ್ಟರೆ ಗಂಟೆಗೆ ಆರೇಳು ನೂರು ಮಿಲಿಲೀಟರು ಪೆಟ್ರೋಲು ಕುಡಿಯುತ್ತದೆ. ನೀವು ಫ್ಯಾನು-ದೀಪಕ್ಕೆಂದು ಅದರಿಂದ 100 ವಾಟ್ ಮಾತ್ರ ತೆಗೆದುಕೊಂಡರೂ ಅದು ಕುಡಿಯುವುದು ಹೆಚ್ಚುಕಡಿಮೆ ಅಷ್ಟೇ. ಎಂಟು ಗಂಟೆಗೆ ಐದು ಲೀಟರು, ಅಂದರೆ 500 ರೂಪಾಯಿ, ಸಿಕ್ಕದ್ದು 0.8 ಯೂನಿಟ್. ಯೂನಿಟ್ಟಿಗೆ ಆರು ನೂರಕ್ಕೂ ಹೆಚ್ಚು! ಇಲಿ ಹಿಡಿಯಲು ಆನೆ ಸಾಕಿದ ಹಾಗೆ.

ಸಣ್ಣ ಪೆಟ್ರೋಲ್ ಜನರೇಟರು ಇದಕ್ಕಿಂತ ಮೇಲು. ಪೂರ್ತಿ ಭಾರ ಹೊತ್ತಾಗ ಲೀಟರಿಗೆ ಒಂದೂವರೆ ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ ಸುಮಾರು 65 ರೂಪಾಯಿ ಬಿತ್ತು. ಕಾಲು ಭಾರ ಹೊತ್ತಾಗ ಒಂದು ಯೂನಿಟ್ಟೇ, 100 ರೂಪಾಯಿ. ರಾತ್ರಿ ಹೊತ್ತು ಭಾರ ಯಾವಾಗಲೂ ಕಡಿಮೆಯೇ. ಹಾಗಾಗಿ ಜನರೇಟರು ಅರೆಹೊಟ್ಟೆ ಕೆಲಸ ಮಾಡುತ್ತ, ಪೂರ್ತಿ ಸದ್ದು ಮಾಡುತ್ತ, ಬೆಳತನಕ ಗುಡುಗುತ್ತದೆ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ದೀಪದ ರಥದ ಹಿಂದೆ ಬರುವ ಜನರೇಟರ್ ಗಾಡಿಯನ್ನು ಪುಣೆಯಲ್ಲಿರುವ ನಾವೆಲ್ಲ ನೋಡಿದ್ದೇವೆ, ಕೇಳಿದ್ದೇವೆ, ಮೂಸಿಯೂ ನೋಡಿದ್ದೇವೆ!

ಜನರೇಟರನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದರ ಇತಿಹಾಸದಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. ಶಿವಾಜಿನಗರದಲ್ಲಿ ಲೋಣಾವಳದ ಲೋಕಲ್ ಹತ್ತಿದರೆ ಮೊದಲು ಬರುವ ಸ್ಟೇಷನ್ನು ಖಡಕಿ. 1946ರಲ್ಲಿ ಶಂತನುರಾವ್ ಕಿರ್ಲೋಸ್ಕರರು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಾರ್ಖಾನೆ ತೆಗೆದದ್ದು ಇಲ್ಲಿ. ಅವರ ತಂದೆ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಉದ್ಯೋಗ ಶುರು ಮಾಡಿದವರು. ಕರೆಂಟು ಮುಟ್ಟದ ಹಳ್ಳಿಗಳಿಗೆ ಪಂಪನ್ನೂ ದೀಪವನ್ನೂ ಕೊಟ್ಟದ್ದು ಇಂಥ ಡೀಸೆಲ್ ಎಂಜಿನ್ನುಗಳೇ. ದೊಡ್ಡ ಜನರೇಟರು ತಕ್ಕ ಭಾರ ಹೊತ್ತಾಗ ಲೀಟರು ಡೀಸೆಲಿಗೆ ಮೂರು ಯೂನಿಟ್ಟಿಗೂ ಮೇಲೆ ಕೊಡುತ್ತದೆ. ಅದರ ದೋಷ ಒಂದೇ: ಬೇಕಾದಾಗಲೇ ಹುಟ್ಟಿಸಬೇಕು, ಹುಟ್ಟಿದಾಗಲೇ ಬಳಸಬೇಕು. ಕೂಡಿಡುವ ಹಂಡೆ ಅದಕ್ಕಿಲ್ಲ.

ಈಗ ಹೈಬ್ರಿಡ್ಡಿಗೆ ಬರೋಣ. ಹೈಬ್ರಿಡ್ ಅಂದರೆ ಮಿಶ್ರತಳಿ. ನಮ್ಮ ಹೊಲದ ಹೈಬ್ರಿಡ್ ಜೋಳದ ಹಾಗೆಯೇ. ಒಂದೇ ಗಾಡಿಯಲ್ಲಿ ಎಂಜಿನ್ನೂ ಉಂಟು, ವಿದ್ಯುತ್ ಮೋಟಾರೂ ಉಂಟು. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ತಯಾರಿಸುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇಂಥದು. ಆದರೆ ಅದಕ್ಕೆ ಹೊರಗಿನಿಂದ ಪ್ಲಗ್ಗು ಹಾಕಿ ಚಾರ್ಜು ಮಾಡಲು ಬರುವುದಿಲ್ಲ. ಬ್ಯಾಟರಿಯೂ ಎರಡು ಯೂನಿಟ್ಟಿಗಿಂತ ಚಿಕ್ಕದು. ಬ್ರೇಕು ಒತ್ತಿದಾಗ ಉಳಿಸಿದ್ದನ್ನು ಮುಂದಿನ ಏರಿನಲ್ಲಿ ಖರ್ಚು ಮಾಡುವುದಕ್ಕಷ್ಟೇ ಅದು. ಅಂದಂದಿನ ಗಳಿಕೆ ಅಂದಂದಿಗೆ. ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಬ್ಯಾಟರಿ ದೊಡ್ಡದು, ಹತ್ತರಿಂದ ಇಪ್ಪತ್ತು ಯೂನಿಟ್ಟಿನವು ಸಾಮಾನ್ಯ. ರಾತ್ರಿ ಗೋಡೆಯ ಪ್ಲಗ್ಗಿಗೆ ಚುಚ್ಚಿ ತುಂಬಿಸಬಹುದು. ತುಂಬಿದ್ದು ಮುಗಿಯುವವರೆಗೆ ಕರೆಂಟಿನ ಮೇಲೆ ಓಡುತ್ತದೆ, ಮುಗಿದ ಮೇಲೆ ಪೆಟ್ರೋಲಿಗೆ ಇಳಿಯುತ್ತದೆ. ಬ್ಯಾಂಕಿನಲ್ಲಿ ಠೇವಣಿಯೂ ಇದೆ, ಅದು ತೀರಿದರೆ ಸಾಲದ ಸವಲತ್ತೂ ಇದೆ ಎಂದ ಹಾಗೆ.

ಗಾಡಿಯನ್ನು ಓಡಿಸುವಷ್ಟು ದೊಡ್ಡ ಹಂಡೆ ಇದ್ದ ಮೇಲೆ ಅದಕ್ಕೊಂದು ನಲ್ಲಿ ಕೂಡಿಸಿದರೆ ಅದರಿಂದ ಅಡಿಗೆಯನ್ನೂ ಮಾಡಬಹುದಲ್ಲ? ಈ ವಿಚಾರಕ್ಕೆ ಬಲ ಬಂದದ್ದು ಜಪಾನಿನಲ್ಲಿ. 2001ರಲ್ಲಿ ಬಂದ ಟೊಯೊಟಾ ಎಸ್ಟಿಮಾ ಹೈಬ್ರಿಡ್ ಎಂಬ ಗಾಡಿಯಲ್ಲಿ 1500 ವಾಟಿನ ಮನೆಬಳಕೆಯ ಪ್ಲಗ್ಗು ಇತ್ತು. ಪಿಕ್ನಿಕ್ಕಿಗೆ ಹೋದವರು ಕಾಫಿ ಕಾಸಿಕೊಳ್ಳಲಿ ಎನ್ನುವಂಥ ಸವಲತ್ತು. 2011ರ ಮಾರ್ಚ್ 11ರಂದು ಭೂಕಂಪವೂ ಸುನಾಮಿಯೂ ಬಂದು ಊರಿಗೆ ಊರೇ ಕತ್ತಲಾದಾಗ ಅದೇ ಪ್ಲಗ್ಗು ಜನರ ಉಪಯೋಗಕ್ಕೆ ಬಿತ್ತು. 2013ರ ಜನವರಿಯಲ್ಲಿ ಮಿತ್ಸುಬಿಷಿ ಕಂಪನಿ ಔಟ್‌ಲ್ಯಾಂಡರ್ ಎಂಬ ಪ್ಲಗ್-ಇನ್ ಹೈಬ್ರಿಡ್ಡನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿ 12 ಯೂನಿಟ್, ಪ್ಲಗ್ಗು 1500 ವಾಟ್. ದಿನಕ್ಕೆ ಹತ್ತು ಯೂನಿಟ್ ಬಳಸುವ ಜಪಾನಿ ಮನೆಗೆ ಬ್ಯಾಟರಿಯೊಂದರಿಂದಲೇ ಸುಮಾರು ಒಂದು ದಿನ, ಟ್ಯಾಂಕು ತುಂಬಿದ್ದು ಎಂಜಿನ್ನೂ ಸೇರಿದರೆ ಹತ್ತು ದಿನದವರೆಗೆ ಕರೆಂಟು ಸಾಲುತ್ತದೆ ಎಂದು ಕಂಪನಿ ಹೇಳಿತು.

ಇಲ್ಲಿ ಕಾಮರ್ಸಿನ ಪೆನ್ಸಿಲು ಹೊರಗೆ ಬರುತ್ತದೆ. ಹತ್ತು ದಿನಕ್ಕೆ 100 ಯೂನಿಟ್. ಬ್ಯಾಟರಿಯ ಸುಮಾರು ಹತ್ತು ಕಳೆದರೆ ಎಂಜಿನ್ನು ಹುಟ್ಟಿಸಿದ್ದು 90. ಟ್ಯಾಂಕು 45 ಲೀಟರಿನದು. ಲೀಟರಿಗೆ ಎರಡು ಯೂನಿಟ್ ಬಿತ್ತು. ಅಂದರೆ ಯೂನಿಟ್ಟಿಗೆ 50 ರೂಪಾಯಿ. ಸಣ್ಣ ಜನರೇಟರಿಗಿಂತ ಮೇಲು, ನಿಜ. ಯಾಕೆ ಮೇಲು? ಎಂಜಿನ್ನು ಬೆಳತನಕ ಗುಡುಗುವುದಿಲ್ಲ. ಸ್ವಲ್ಪ ಹೊತ್ತು ತಕ್ಕ ಭಾರದಲ್ಲಿ ದುಡಿದು, ಹಂಡೆ ತುಂಬಿಸಿ, ಸುಮ್ಮನಾಗುತ್ತದೆ. ಆದರೂ 50 ರೂಪಾಯಿ ಅಗ್ಗವೇನಲ್ಲ. ಅದೇ ಹಂಡೆಯನ್ನು ಹೊರಡುವ ಮುಂಚೆ ಮನೆಯ ಪ್ಲಗ್ಗಿನಿಂದ ತುಂಬಿಸಿದ್ದರೆ, ಚಾರ್ಜಿನಲ್ಲಿ ಹೋಗುವ ಹತ್ತರ ಒಂದು ಪಾಲು ಸೇರಿಸಿಯೂ 11 ರೂಪಾಯಿ. ಹಾಗಾದರೆ ತಾತ್ಪರ್ಯ ಏನು? ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಲಾಭ ತರುವುದು 'ಪ್ಲಗ್-ಇನ್' ಎಂಬ ಮಾತು. ಪೆಟ್ರೋಲು ಆಪದ್ಧನ. ಗೋಡೆಯಿಂದ ತುಂಬಿಸಿ ಹೊರಟವನು ಎ.ಸಿ. ಇಲ್ಲದೆ ನಾಲ್ಕು ರಾತ್ರಿ, ಎ.ಸಿ. ಇದ್ದರೆ ಒಂದೂವರೆ ರಾತ್ರಿ ಎಂಜಿನ್ನು ಮುಟ್ಟದೆ ಕಳೆಯಬಹುದು. ಅಷ್ಟು ಹೊತ್ತು ಉರಿಯುವ ಮಾತೇ ಇಲ್ಲ, ಹೊಗೆಯ ಭಯವೂ ಇಲ್ಲ.

ಖಾತೆಯಲ್ಲಿ ಇನ್ನೊಂದು ಕಾಲಂ ಬಾಕಿ ಇದೆ: ಸವಕಳಿ. ಬ್ಯಾಟರಿ ತುಂಬಿ ಖಾಲಿಯಾದಂತೆಲ್ಲ ಸವೆಯುತ್ತದೆ. ಉದಾಹರಣೆಗೆ ಮೂರು ಲಕ್ಷದ ಬ್ಯಾಟರಿ, ಸಲಕ್ಕೆ ಹತ್ತು ಯೂನಿಟ್ಟಿನಂತೆ 2000 ಸಲ ಬಂದೀತು ಎಂದುಕೊಂಡರೆ ಅದು ಜನ್ಮದಲ್ಲಿ ಕೊಡುವುದು 20,000 ಯೂನಿಟ್. ಯೂನಿಟ್ಟಿಗೆ 15 ರೂಪಾಯಿ ಸವಕಳಿ. ಗೋಡೆಯ 11ಕ್ಕೆ ಇದನ್ನು ಕೂಡಿಸಿದರೆ 26. ಈಗಲೂ ಜನರೇಟರಿಗಿಂತ ಕಡಿಮೆ. ಆದರೆ ಒಂದು ಷರತ್ತಿದೆ. ಆ ಬ್ಯಾಟರಿ ವಾರದ ಆರು ದಿನ ಗಾಡಿಯನ್ನು ಆಫೀಸಿಗೆ ಹೊತ್ತುಕೊಂಡು ಹೋಗುತ್ತಿರಬೇಕು, ಏಳನೆಯ ದಿನ ಬಿಡಾರಕ್ಕೆ ದೀಪ ಹಚ್ಚಬೇಕು. ವರ್ಷಕ್ಕೆ ಹತ್ತು ರಾತ್ರಿಯ ಪ್ರವಾಸಕ್ಕೆಂದೇ ಲಕ್ಷಗಟ್ಟಲೆ ಸುರಿದವನದು ದುಡಿಯದ ಬಂಡವಾಳ. 2000 ಸಲ ತುಂಬುವ ಮೊದಲೇ ಬ್ಯಾಟರಿ ಮುಪ್ಪಾಗಿರುತ್ತದೆ.

ನಮ್ಮ ದೇಶದ ಮಟ್ಟಿಗೆ ಹೇಳಬೇಕೆಂದರೆ ಪ್ಲಗ್-ಇನ್ ಹೈಬ್ರಿಡ್ ಈವರೆಗೆ ಬಹುತೇಕ ಶ್ರೀಮಂತರ ಕಾರು. ಅಗ್ಗದ ದಾರಿಯೊಂದನ್ನು ಹುಡುಕಿದ ಪ್ರಯತ್ನ ಪುಣೆಯಲ್ಲೇ ನಡೆದಿತ್ತು. 2010ರಲ್ಲಿ ಇಲ್ಲಿಯ ಕೆಪಿಐಟಿ ಕಂಪನಿ 'ರೆವೊಲೊ' ಎಂಬ ಜೋಡಣೆಯನ್ನು ಪ್ರಕಟಿಸಿತು. ಇದ್ದ ಕಾರಿಗೇ ಮೋಟಾರು, ಬ್ಯಾಟರಿ ಕೂಡಿಸಿ ಅದನ್ನು ಪ್ಲಗ್-ಇನ್ ಹೈಬ್ರಿಡ್ ಮಾಡುವುದು. ಭಾರತ್ ಫೋರ್ಜ್ ಅದರ ಪಾಲುದಾರ. ಸಾಮಾನ್ಯ ಜನರ ಕಾರುಗಳಿಗೆ ಅದು ವ್ಯಾಪಕವಾಗಿ ಬರಲಿಲ್ಲ. ಆದರೂ ಹಳೆಯ ಗಾಡಿಗೆ ಹೊಸ ಹಂಡೆ ಕೂಡಿಸುವ ವಿಚಾರ ಕೆಟ್ಟದಲ್ಲ. ಇನ್ನೊಂದು ದಾರಿ ಪೂರ್ಣ ವಿದ್ಯುತ್ ಕಾರಿನದು. ಪುಣೆ ಜಿಲ್ಲೆಯ ರಾಂಜಣಗಾಂವದಲ್ಲಿ ತಯಾರಾಗುವ ಟಾಟಾ ನೆಕ್ಸಾನ್ ವಿದ್ಯುತ್ ಕಾರಿಗೆ 2023ರಲ್ಲಿ ಹೊರಗಿನ ಸಾಧನಗಳಿಗೆ ಕರೆಂಟು ಕೊಡುವ ಸವಲತ್ತು ಬಂತು. ಆಗ ಅದರ ಬ್ಯಾಟರಿ 30 ಅಥವಾ 40.5 ಯೂನಿಟ್ಟಿನದಾಗಿತ್ತು. ಹಂಡೆ ದೊಡ್ಡದು, ಆದರೆ ಖಾಲಿಯಾದರೆ ಪೆಟ್ರೋಲಿನ ಆಪದ್ಧನ ಇಲ್ಲ. ತಿರುಗಿ ಊರು ಮುಟ್ಟುವಷ್ಟನ್ನು ಉಳಿಸಿಕೊಂಡೇ ಅಡಿಗೆಗೆ ಕೂಡಬೇಕು.

ಕೆಲವು ಎಚ್ಚರಿಕೆ. ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಬ್ಯಾಟರಿ ಇಳಿದಾಗ ಎಂಜಿನ್ನು ತಾನಾಗಿಯೇ ಚಾಲೂ ಆಗಬಹುದು. ನೀವು ನಿದ್ದೆಯಲ್ಲಿದ್ದರೂ ಅದು ಕೇಳುವುದಿಲ್ಲ. ಆದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ, ಡೇರೆಗೆ ತಾಗಿಸಿ ಗಾಡಿ ನಿಲ್ಲಿಸಿ ಕರೆಂಟು ತೆಗೆಯಬಾರದು. ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚಿ ಕೂಗುವ ಯಂತ್ರ ಇರಲೇಬೇಕು. ಎರಡನೆಯದು, ಕಂಪನಿಯವರು ಕೊಟ್ಟ ಪ್ಲಗ್ಗಿನಿಂದಷ್ಟೇ ಕರೆಂಟು ತೆಗೆಯಬೇಕು. ಗಾಡಿಯೊಳಗೆ ಕಿತ್ತಳೆ ಬಣ್ಣದ ವೈರು ಕಂಡರೆ ಅದು ನೂರಾರು ವೋಲ್ಟಿನದು; ಗಲ್ಲಿಯ ಇಲೆಕ್ಟ್ರಿಶನ್‌ನ ಕೈಯಿಂದ ಅದನ್ನು ಬಿಚ್ಚಿಸುವುದು ಯಮನಿಗೆ ಕಾಗದ ಬರೆದ ಹಾಗೆ. ಮೂರನೆಯದು ಕಾಯಿದೆ. ನೋಂದಣಿಯಾದ ಗಾಡಿಯ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮಿತಿ ಹಾಕಿದೆ. ಕ್ಯಾರವಾನುಗಳಿಗೆ ಎಐಎಸ್-124 ಎಂಬ ಬೇರೆ ಮಾನದಂಡವೇ ಇದೆ.

ಹಾಗಾದರೆ ನಮ್ಮಂಥವರಿಗೆ ಏನೂ ಇಲ್ಲವೇ? ಇದೆ. ಪ್ಲಗ್-ಇನ್ ಹೈಬ್ರಿಡ್ಡಿನಿಂದ ಕಲಿಯಬೇಕಾದ ಪಾಠವನ್ನು ಗಾಡಿ ಕೊಳ್ಳದೆಯೂ ಬಳಸಬಹುದು. ಸಾಧಾರಣ ಡೀಸೆಲ್ ಟೆಂಪೋ ಟ್ರಾವೆಲರಿನಲ್ಲಿ ಬಿಡಾರ ಮಾಡುವವನು ಗಾಡಿಯ ಬ್ಯಾಟರಿಯನ್ನು ಹಾಗೆಯೇ ಬಿಟ್ಟು, ಮನೆಖರ್ಚಿಗೆ ಬೇರೆ ಒಂದು ಲಿಥಿಯಂ ಬ್ಯಾಟರಿ ಇಟ್ಟುಕೊಳ್ಳಲಿ. 12.8 ವೋಲ್ಟಿನ, 200 ಆಂಪಿಯರ್-ಗಂಟೆಯ ಬ್ಯಾಟರಿ ಅಂದರೆ 2.56 ಯೂನಿಟ್. ಕೊನೆಯ ಹನಿವರೆಗೆ ಹಿಂಡದಿದ್ದರೂ 2.2 ಸಿಗುತ್ತದೆ. ನಮ್ಮ ದಿನದ ಖರ್ಚು ಎರಡು, ಇನ್ವರ್ಟರಿನ ಸೋರಿಕೆ ಹತ್ತರ ಒಂದು ಪಾಲು, ಸರಿಯಾಗಿ 2.2. ಹೊರಡುವ ಮುಂಚೆ ಗೋಡೆಯ ಪ್ಲಗ್ಗಿನಿಂದ ತುಂಬಿಸಿಕೊಳ್ಳುವುದು, ಮರುದಿನದ್ದಕ್ಕೆ ಗಾಡಿ ಓಡುವಾಗ ಅದರ ಆಲ್ಟರ್ನೇಟರಿನಿಂದ ತಕ್ಕ ಚಾರ್ಜರ್ ಮೂಲಕ ತುಂಬಿಸುವುದು. 400 ವಾಟಿನ ಲೆಕ್ಕದಲ್ಲಿ ಆರು ತಾಸಿಗೆ 2.4 ಯೂನಿಟ್. ಪುಣೆಯಿಂದ ಬೆಳಗಾವಿ ಮುಟ್ಟುವಷ್ಟರಲ್ಲಿ ರಾತ್ರಿಯ ಕರೆಂಟು ತುಂಬಿರುತ್ತದೆ. ನಿಂತ ಮೇಲೆ ಎಂಜಿನ್ನು ಬಂದ್. ಓಡುವಾಗ ತುಂಬು, ನಿಂತಾಗ ಬಳಸು. ಬಡವರ ಪ್ಲಗ್-ಇನ್ ಹೈಬ್ರಿಡ್ ಅಂದರೆ ಇದೇ.

ಇಷ್ಟೆಲ್ಲ ಹೇಳಿದ್ದು ವಾರದ ರಜೆಗೆ ಮಹಾಬಳೇಶ್ವರಕ್ಕೆ ಹೋಗುವವರ ಸುಖಕ್ಕಾಗಿ ಮಾತ್ರ ಅಲ್ಲ. ನಮ್ಮ ದೇಶದಲ್ಲಿ ಗಾಡಿಯಲ್ಲೇ ರಾತ್ರಿ ಕಳೆಯುವವರಲ್ಲಿ ಪ್ರವಾಸಿಗರು ಎಷ್ಟು ಮಂದಿ? ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ, ನಿಪ್ಪಾಣಿ, ಸಂಕೇಶ್ವರದ ಧಾಬಾಗಳ ಮುಂದೆ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿ. ಕ್ಯಾಬಿನ್ನೇ ಅವರ ಮನೆ. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂದು ಸರ್ಕಾರ ನಿಯಮ ಮಾಡಿದೆ. ಬಹಳ ಒಳ್ಳೆಯದು. ಆದರೆ ಆ ಎ.ಸಿ. ಎಂಜಿನ್ನಿನ ಬಲದಿಂದಲೇ ನಡೆಯುವುದಾದರೆ ಏಪ್ರಿಲ್ ತಿಂಗಳ ರಾತ್ರಿ ಮಲಗಿದ ಡ್ರೈವರು ಏನು ಮಾಡಬೇಕು? ಎಂಜಿನ್ನು ಚಾಲೂ ಇಟ್ಟು ಮಾಲೀಕರ ಡೀಸೆಲು ಸುಡಬೇಕು, ಇಲ್ಲವೇ ಬಂದ್ ಮಾಡಿ ಬೆವರುತ್ತ ನಿದ್ದೆಗೆಡಬೇಕು. ನಿದ್ದೆಗೆಟ್ಟವನ ಕೈಯಲ್ಲಿ ಮರುದಿನ ಸ್ಟೇರಿಂಗು. ಹಗಲು ಓಡಿದಾಗ ನಾಲ್ಕೈದು ಯೂನಿಟ್ ಕೂಡಿಟ್ಟು ರಾತ್ರಿ ಸದ್ದಿಲ್ಲದೆ ಖರ್ಚು ಮಾಡುವ ಒಂದು ಬ್ಯಾಟರಿ ಅಲ್ಲಿರಬೇಕು. ಬಿಡಾರದ ವ್ಯಾನಿಗೆ ಬಂದ ಈ ವಿದ್ಯೆ ಮೊದಲು ಲಾರಿಯ ಕ್ಯಾಬಿನ್ನಿಗೆ ಬಂದರೆ ಅದು ದುಡಿಯುವ ಬಂಡವಾಳವಾದೀತು: ವರ್ಷಕ್ಕೆ ಹತ್ತು ರಾತ್ರಿಯಲ್ಲ, ಮುನ್ನೂರು ರಾತ್ರಿ ದುಡಿದೀತು.